ನಿಂತ ನೆತ್ತರಿಗೆ ಅಂಜಿದ ಮುದಕಮ್ಮ

ಕೊಪ್ಪಳ ಹತ್ತಿರದ ಇರಕಲ್ಲಗಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಶಾ ಕಾರ್ಯಕರ್ತೆ ಮುದಕಮ್ಮ ಗುಲಾಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಣಂತಿಯರ ಮನೆಗಳ ಕಡೆ ಹೊರಟಿದ್ದಾರೆ. ಮನೆಮಂದಿ ಕೂಲಿಗೆ ಹೋಗುವುದರೊಳಗೆ ಮುಟ್ಟಬೇಕು. ಕೂಸಿನ ಹೊಕ್ಕುಳ ನೋಡುತ್ತಾರೆ, ತಾಯಿಯ ಹಣೆ ಮುಟ್ಟುತ್ತಾರೆ. ಕಡೆಗೆ, ಗಂಡಸರಿಗೆ ಕೇಳಿಸದಂತೆ ಬಗ್ಗಿ ಒಂದು ಮಾತು: "ನೆತ್ತರ ಭಾಳ ಹೋಗಿ, ತಾನ ನಿಂತಿತ್ತೇನವ್ವಾ?"

ಈ ಪ್ರಶ್ನೆ ಅವರಿಗೆ ಅದೇ ಊರಿನ ಬಾಣಂತಿ ಶಿವಲೀಲಾಳಿಂದ ಅಂಟಿಕೊಂಡದ್ದು.

ಎರಡು ವರ್ಷದ ಹಿಂದಿನ ಮಾತು. ಸಿಸೇರಿಯನ್ ಆಗಿ ಮೂರನೇ ವಾರ. ಶಿವಲೀಲಾ ಮಗಳಿಗೆ ಹಾಲು ಕುಡಿಸುತ್ತ ಕೂತಿದ್ದಳು. ನೋವಿಲ್ಲ, ಜ್ವರವಿಲ್ಲ, ಇದ್ದಕ್ಕಿದ್ದಂತೆ ಕೌದಿ ತೊಯ್ದು ನೆತ್ತರು ಹಗ್ಗದ ಹೊರಸಿನ ಕೆಳಗಿಳಿಯಿತು. ಮುದಕಮ್ಮ ಓಡಿ ಬರುವಷ್ಟರಲ್ಲಿ ನಿಂತೇಹೋಗಿತ್ತು. ಹುಡುಗಿ ಕೂಸಿನ ಮುಖ ನೋಡಿ ನಗುತ್ತಿದ್ದಳು. ಅತ್ತೆ ವಿರೂಪಾಕ್ಷಮ್ಮ ಗಾಳಿ ಸೋಕಿದೆಯೆಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ನಿಂತ ಮೇಲೆ ದವಾಖಾನೆ ಯಾಕೆ ಎಂಬುದು ಅವರ ಮಾತು.

"ಹರಿಯೂ ನೆತ್ತರಿಗೆ ನಾ ಅಂಜೂದಿಲ್ರಿ, ಭಾಳ ನೋಡೀನಿ. ಅವತ್ತು ಯಾರೋ ಒಳಗ ಕುಂತು ನಳ ತೆಗದು, ಮತ್ತ ಮುಚ್ಚಿದಂಗಿತ್ತು. ಅದಕ್ಕ ಮೈ ಜುಮ್ಮಂತು," ಎನ್ನುತ್ತಾರೆ ಮುದಕಮ್ಮ.

ಕಾರಣ ಅವರಿಗೂ ತಿಳಿದಿರಲಿಲ್ಲ. ಆದರೂ ಬಿಡಲಿಲ್ಲ. ಹರಕೆ ನೀವು ಹೊರ್ರಿ, ದವಾಖಾನೆಗೆ ನಾನು ಒಯ್ಯುತ್ತೇನೆ ಎಂದು ಅತ್ತೆಯನ್ನು ಒಪ್ಪಿಸಿ, ಆಂಬುಲೆನ್ಸ್ ಕರೆಸಿ, ಕೂಸನ್ನು ಕಟ್ಟಿಕೊಂಡು ತಾವೂ ಹತ್ತಿದರು. ಕೊಪ್ಪಳದ ದಾರಿಯಲ್ಲಿ ಮತ್ತೆ ಹರಿಯಿತು. ಮತ್ತೆ ನಿಂತಿತು. ಶಿವಲೀಲಾಳ ಕೈ ಮಾತ್ರ ತಣ್ಣಗಾಗುತ್ತ ಹೋಯಿತು.

ಕೊಪ್ಪಳದ ವೈದ್ಯೆ ಸ್ಕ್ಯಾನ್ ಮಾಡಿದರು. ಗರ್ಭಕೋಶದ ಹೊಲಿಗೆಯ ಪಕ್ಕ ರಕ್ತನಾಳದ ಗೋಡೆ ಹರಿದು, ನೆತ್ತರು ಹೊರಬಂದು ಬಲೂನಿನಂಥ ಚೀಲ ಕಟ್ಟಿಕೊಂಡಿತ್ತು. ಬಲು ಅಪರೂಪದ್ದು, ಗೊತ್ತಾಗದೆ ಗರ್ಭಕೋಶ ಸ್ವಚ್ಛ ಮಾಡಲು ಹೋಗಿದ್ದರೆ ಒಡೆದೇಬಿಡುತ್ತಿತ್ತು ಎಂದರು. ಪರದೆಯ ಮೇಲೆ ಆ ಚೀಲದ ನೆತ್ತರು ಕೆಂಪು, ನೀಲಿ ಬಣ್ಣಗಳಾಗಿ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತಿತ್ತು. ಯಂತ್ರದೊಳಗಿಂದ ಖಾಲಿ ಮನೆಯಲ್ಲಿ ಗಾಳಿ ತಿರುಗಿದಂಥ ಸಪ್ಪಳ. ಅದನ್ನೇ ಆಲಿಸುತ್ತಿದ್ದ ಶಿವಲೀಲಾ ಕೇಳಿದಳು: "ಯಕ್ಕಾ, ನನ್ನೊಳಗ ಇನ್ನೂ ಒಂದು ಕೂಸು ಐತೇನ?"

ಮುದಕಮ್ಮ ಅವಳ ಕೈ ಒತ್ತಿ ಹಿಡಿದರು.

ರಕ್ತ ಏರಿಸುತ್ತಲೇ ಹುಬ್ಬಳ್ಳಿಗೆ ಒಯ್ದರು. ಕುಷ್ಟಗಿಯ ದಾಳಿಂಬೆ ತೋಟದಲ್ಲಿದ್ದ ಗಂಡ ಗಾಳೇಶ ನೇರ ಅಲ್ಲಿಗೇ ಬಂದ. ತೊಡೆಯ ರಕ್ತನಾಳದಿಂದ ದಾರದಷ್ಟು ಸಣ್ಣ ನಳಿಗೆ ತೂರಿಸಿ, ಆ ಚೀಲಕ್ಕೆ ನೆತ್ತರು ಹೋಗುವ ದಾರಿಯನ್ನು ವೈದ್ಯರು ಮುಚ್ಚಿದರು. ಜೀವ ಉಳಿಯಿತು, ಗರ್ಭಕೋಶವೂ ಉಳಿಯಿತು.

ಮುದಕಮ್ಮನಿಗೆ ಈಗಲೂ ಒಮ್ಮೊಮ್ಮೆ, ಮನೆಯಲ್ಲಿ ಒಬ್ಬರೇ ಇದ್ದಾಗ, ಆ ಯಂತ್ರದ ಸಪ್ಪಳ ಕೇಳಿಸುತ್ತದೆ. ಊರಲ್ಲಿ ಯಾರಿಗೂ ಹೇಳಿಲ್ಲ. ಶಿವಲೀಲಾ ಎದುರಾದರೆ ಇಬ್ಬರೂ ಆ ದಿನದ ಮಾತೆತ್ತುವುದಿಲ್ಲ; ಜೋಳದ ಬೆಳೆ, ಕೂಸಿನ ಹಲ್ಲು, ಇಂಥವೇ ಮಾತು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುದಕಮ್ಮ ಹೇಳುತ್ತಾರೆ:

"ಸಾಲಿಗೆ ಹೋಗೂ ದಾರಿ ನಮ್ಮನಿ ಮುಂದನ ಐತ್ರಿ. ಶಿವಲೀಲಾನ ಮಗಳು ಪಾಟಿಚೀಲ ಹಾಕ್ಕೊಂಡು, ಅವ್ವನ ಕೈ ಹಿಡಕೊಂಡು ಹೋಗೂದು ಒಮ್ಮೆ ನೋಡಬೇಕು."