ನೇರಳೆ ಸೈಕಲ್ಲಿನ ಹಿಂದೆ ಹಾಲಿನ ದಿಬ್ಬಣ

ನಮ್ಮೂರ ಹಾಲಿನ ಸೊಸೈಟಿಯ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯಬೇಕು. ತೆರೆಯುವವಳು ನಾನು. ಹಾಲು ಅಳೆಯುವುದು, ಕೊಬ್ಬು ನೋಡುವುದು, ಏಳೂವರೆಯ ಲಾರಿಗೆ ಹಾಲು ತುಂಬಿಸುವುದು ಒಂಬತ್ತು ವರ್ಷಗಳಿಂದ ನನ್ನ ಕೆಲಸ. ಮೊದಲ ಎಂಟು ವರ್ಷ ನನ್ನನ್ನು ಗಂಡ ಬೈಕಿನಲ್ಲಿ ಬಿಡುತ್ತಿದ್ದರು. ಕಳೆದ ವರ್ಷ ಅವರಿಗೆ ಬೇಕರಿಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ನಸುಕಿನಲ್ಲೇ ಕುಂಬಳೆಗೆ ಹೊರಡಬೇಕು. ಬೈಕೂ ಅವರೊಂದಿಗೆ ಹೋಯಿತು. ನಮ್ಮ ದಾರಿಯ ಮೊದಲ ಬಸ್ಸು ಬರುವುದು ಏಳಕ್ಕೆ.

ಮೊದಲ ವಾರ ರಿಕ್ಷಾವನ್ನು ನಂಬಿ ಎರಡು ದಿನ ತಡವಾಗಿ ತಲುಪಿದೆ. ಸೆಕ್ರೆಟರಿ ಒಳ್ಳೆಯವರೇ, ಆದರೆ ಹೇಳುವುದನ್ನು ಹೇಳಿಬಿಟ್ಟರು: "ಈ ತಿಂಗಳು ನೋಡುವ. ಆಗದಿದ್ದರೆ ಇಲ್ಲೇ ಹತ್ತಿರದವರನ್ನು ಯಾರನ್ನಾದರೂ ಹುಡುಕಬೇಕಷ್ಟೆ."

ನನಗೆ ಸಿಟ್ಟು ಬೇಗ. ಮನೆಗೆ ಬಂದವಳೇ ಮಗಳ ಸೈಕಲ್ಲನ್ನು ಹೊರಗೆಳೆದೆ. ಅವಳು ಎಂಟನೆಯಲ್ಲಿದ್ದಾಗ ಓಡಿಸುತ್ತಿದ್ದದ್ದು. ನೇರಳೆ ಬಣ್ಣ, ಮುಂದೊಂದು ಬುಟ್ಟಿ. ಅವಳು ಪ್ಲಸ್‌ ಟುವಿಗೆ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ಅದರ ಹ್ಯಾಂಡಲಿನ ಮೇಲೆ ಕೋಳಿಗಳು ಮಲಗುತ್ತಿದ್ದವು. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲಿನ ಚೌಕಟ್ಟಿನ ನಡುವೆ ಕಾಲು ತೂರಿಸಿ ಕಲಿತವಳು ನಾನು, ಮರೆತಿರಲಿಲ್ಲ. ಗಂಡ ನೋಡಿ ನಕ್ಕರು. "ನಲವತ್ತೆರಡಕ್ಕೆ ಇದೆಂತ ವೇಷ ಮಾರಾಯ್ತಿ?" ಎಂದರು. ನಾನು ಸೈಕಲ್ ತೊಳೆದೆ.

ಸೊಸೈಟಿಗೆ ನಾಲ್ಕು ಕಿಲೋಮೀಟರ್. ಮೂರು ಸಲೀಸು, ನಡುವೆ ಶಾಲೆಯ ಹತ್ತಿರ ಒಂದು ಏರು ಉಂಟು, ಬಸ್ಸುಗಳೇ ಅಲ್ಲಿ ನರಳುತ್ತವೆ. ಮೊದಲ ದಿನ ಅದರ ಬುಡದಲ್ಲೇ ಇಳಿದು ಸೈಕಲ್ ತಳ್ಳತೊಡಗಿದೆ. ನಮ್ಮ ಕಡೆ ದಾರಿಯಲ್ಲಿ ಪರಿಚಯದವರು ನಡೆಯುತ್ತಿದ್ದರೆ ವಾಹನ ನಿಲ್ಲಿಸದೆ ಹೋಗುವುದು ಮರ್ಯಾದೆಯಲ್ಲ. ಹಾಲು ತರುವ ಸ್ಕೂಟರೊಂದು ನಿಂತಿತು.

"ಎಂತ ಅಕ್ಕ, ಪಂಕ್ಚರಾ?"

"ಅಲ್ಲ, ಸೈಕಲ್ಲಿನಲ್ಲೇ ಬರುವುದು. ನೀವು ಹೋಗಿ."

ಅವನು ಹೋಗಲಿಲ್ಲ. ಇನ್ನೊಬ್ಬ ಬಂದ, ಅವನೂ ನಿಂತ. ಮೂರನೆಯವರು ಊರೆಲ್ಲ ಇಚ್ಚ, ಅಂದರೆ ಅಣ್ಣ, ಎಂದು ಕರೆಯುವ ಹಿರಿಯ ಬ್ಯಾರಿ. ಸ್ಕೂಟರಿನ ಎರಡೂ ಬದಿಗೆ ಕ್ಯಾನ್ ಕಟ್ಟಿಕೊಂಡು ಬಂದಿದ್ದರು. "ಬೀಗದ ಕೈ ನಿಮ್ಮತ್ರ. ನಾವು ಮುಂದೆ ಹೋಗಿ ಎಂತ ಮಾಡುದು?" ಎಂದು ಅವರೂ ನನ್ನ ಹಿಂದೆಯೇ ನಿಧಾನಕ್ಕೆ ಬರತೊಡಗಿದರು. ಏರು ಮುಗಿಯುವಾಗ ನನ್ನ ಬೆನ್ನಿಗೆ ಐದು ಸ್ಕೂಟರ್, ಒಂದು ರಿಕ್ಷಾ, ಮದುವೆ ದಿಬ್ಬಣದ ಹಾಗೆ. ನಾಚಿಕೆಯಿಂದ ಸತ್ತೆ.

ಹೀಗೇ ನಾಲ್ಕು ದಿನ. ಐದನೆಯ ದಿನ ಇಚ್ಚ, "ಬೀಗದ ಕೈ ನನ್ನತ್ರ ಕೊಡಿ ಅಕ್ಕ, ನಾನು ಹೋಗಿ ತೆಗೆದಿಡ್ತೇನೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಬಾಗಿಲು ಇನ್ನೊಬ್ಬರು ತೆಗೆಯುವುದಾದರೆ ನಾಳೆ ಹಾಲನ್ನೂ ಇನ್ನೊಬ್ಬರು ಅಳೆಯಬಹುದಲ್ಲ? "ಬೇಡ. ನಾನೇ ತೆಗೆಯುವುದು" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

ಅಂದು ಸಂಜೆ ಪೇಟೆಯ ಸೈಕಲ್ ರಿಪೇರಿಯವರಲ್ಲಿಗೆ ಹೋದೆ. ಅವರು ನನ್ನನ್ನೂ ಸೈಕಲ್ಲನ್ನೂ ನೋಡಿ, "ಇದು ಹದಿಮೂರು ವರ್ಷದ ಮಗುವಿಗೆ ಇಟ್ಟ ಸೀಟಲ್ವಾ? ನಿಮ್ಮ ಮೊಣಕಾಲು ಗಲ್ಲಕ್ಕೆ ತಾಗುದಿಲ್ವಾ?" ಎಂದರು. ಸೀಟನ್ನು ಒಂದು ಗೇಣು ಎತ್ತರಿಸಿ ಚೈನಿಗೆ ಎಣ್ಣೆ ಬಿಟ್ಟರು. ಐದು ದಿನ ನನ್ನ ವಯಸ್ಸನ್ನು ಬೈದದ್ದು ಸುಮ್ಮನೆ ಎಂದು ಆಗ ಗೊತ್ತಾಯಿತು.

ಮರುದಿನ ಏರಿನ ಕಾಲುಭಾಗ ತುಳಿದೆ. ಮತ್ತೊಂದು ವಾರಕ್ಕೆ ಏರಿನ ನಡುವಿನ ಹಲಸಿನ ಮರದವರೆಗೆ. ಹಿಂದಿನ ಸ್ಕೂಟರುಗಳು ಆಗಾಗ ಹಾರ್ನ್ ಹೊಡೆದು ಹುರುಪು ಕೊಡುತ್ತಿದ್ದವು. ನನಗೆ ಉಸಿರಿದ್ದರೆ ಬೈಯುತ್ತಿದ್ದೆ. ಒಂದು ದಿನ ನೆಲಕ್ಕೆ ಕಾಲು ಊರದೆ ಮೇಲೆ ತಲುಪಿಬಿಟ್ಟೆ. ಆಚೆ ಬದಿಯ ಇಳಿಜಾರಿನಲ್ಲಿ ತಣ್ಣನೆ ಗಾಳಿ, ಶಾಲಿನ ತುದಿ ಬೆನ್ನ ಹಿಂದೆ ಹಾರುತ್ತಿತ್ತು. ಯಾರೂ ಕೇಳಲಾರರೆಂದು ಜೋರಾಗಿ ಕೂಗಿದೆ. ಇಚ್ಚ ಕೇಳಿಸಿಕೊಂಡು ತಾವೂ ಕೂಗಿದರು.

ತಿಂಗಳ ಕೊನೆಯ ದಿನ ಏರಿನಲ್ಲಿ ನನ್ನ ಹಿಂದೆ ಯಾರೂ ಉಳಿಯಲಿಲ್ಲ. ಒಂದು ಸ್ಕೂಟರ್ ಹಾರ್ನ್ ಹೊಡೆದು ಮುಂದೆ ಹೋಯಿತು. ಇನ್ನೊಂದು ಹೋಯಿತು. ರಿಕ್ಷಾವೂ ಹೋಯಿತು. ಇಚ್ಚ ತಿರುಗಿಯೂ ನೋಡದೆ ಹೋದರು. ನನಗೆ ಸಿಟ್ಟೇ ಬಂತು. ಇಷ್ಟು ದಿನ ಬೇಡವೆಂದರೂ ಬಿಡದವರು, ಇವತ್ತು ನಾನು ಕಣ್ಣಿಗೂ ಬೀಳದವಳಾದೆನೇ?

ಸೊಸೈಟಿ ತಲುಪಿದಾಗ ಜಗಲಿಯಲ್ಲಿ ಕ್ಯಾನುಗಳು ಸಾಲಾಗಿದ್ದವು. ತಂದವರೆಲ್ಲ ದಾರಿಗೆ ಬೆನ್ನು ಹಾಕಿ ಹಸುವಿನ ವಿಷಯ ಚರ್ಚಿಸುತ್ತಿದ್ದರು. ಸೆಕ್ರೆಟರಿಯೂ ಬಂದು ಬಾಗಿಲ ಬಳಿ ನಿಂತಿದ್ದರು. ನಾನು ಬ್ರೇಕ್ ಹಿಡಿಯುವಾಗ ಅವರ ಮಾತು ಕೇಳಿಸಿತು: "ಎಲ್ಲರೂ ಬಂದಿರಿ, ಅವರು ಕಾಣುವುದಿಲ್ಲ. ಬರ್ತಾರಾ?"

"ಬಾರದೆ ಎಂತ?" ಎಂದರು ಇಚ್ಚ, ಕೂತಲ್ಲಿಂದಲೇ. "ಆರಾಗ್ಲಿಕ್ಕೆ ಇನ್ನೂ ಹತ್ತು ನಿಮಿಷ ಉಂಟಲ್ಲ. ಅವರಿಗೆ ಇನ್ನು ನಮ್ಮ ಕಾವಲು ಬೇಡ."

ಸೆಕ್ರೆಟರಿ ನನ್ನನ್ನು ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಹತ್ತಿರದವರನ್ನು ಹುಡುಕುವ ಮಾತು ಅವರು ಮತ್ತೆಂದೂ ಎತ್ತಲಿಲ್ಲ. ಅಂದು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಮೊದಲ ಕ್ಯಾನಿನ ಹಾಲನ್ನು ಎರಡು ಸಲ ಅಳೆದೆ.