ತಗಡಿನ ಹಿಂದಿನ ಅಕ್ಷರ

ಯಲಬುರ್ಗಾದ ಹಳೇ ಬಜಾರಿನಲ್ಲಿ ಪೇಂಟರ್ ಕಳಕೇಶನಿಗೆ ಹೆದರದ ಅಂಗಡಿಯವರಿರಲಿಲ್ಲ. ಯಾರದೇ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವನ ಸೈಕಲ್ಲು ಅಲ್ಲೇ ನಿಲ್ಲುತ್ತಿತ್ತು.

"ಇದೇನ್ರಿ, 'ಶಾಖಾಹಾರಿ ಖಾನಾವಳಿ' ಅಂತ ಬರಿಸೀರಿ? ಶಾಖ ಅಂದ್ರ ಕಾವು. ನಿಮ್ಮಲ್ಲಿ ಮಂದಿ ಕಾವು ತಿಂತಾರೇನು?"

ಒಮ್ಮೆ ತೀರಿಹೋದವರೊಬ್ಬರ ಮನೆ ಮುಂದೆ 'ಶ್ರದ್ದಾಂಜಲಿ' ಎಂಬ ಬ್ಯಾನರ್ ಕಟ್ಟಿದ್ದರು. ಕಳಕೇಶ ಹೆಣಕ್ಕೆ ಹಾರ ಹಾಕುವ ಮೊದಲೇ ಮಗನನ್ನು ಪಕ್ಕಕ್ಕೆ ಕರೆದು, "ಮಹಾಪ್ರಾಣ ಎಲ್ಲಿ ಹೋತಪಾ?" ಎಂದು ಕೇಳಿದ. ಆ ಹುಡುಗ ಇನ್ನೂ ಜೋರಾಗಿ ಅಳತೊಡಗಿದ.

ಇಂಥ ಕಳಕೇಶ ತೊಂಬತ್ತೇಳರಲ್ಲಿ ಈಶಪ್ಪ ಸಾಹುಕಾರರ ಜವಳಿ ಅಂಗಡಿಯ ಗೋಡೆಗೆ ಅಕ್ಷರ ಬರೆದಿದ್ದ. ಅದು ಈಶಪ್ಪನವರ ಅಜ್ಜನ ಕಾಲದ ಕಟ್ಟಡ, ಮುಂದೆ ಅಂಗಡಿ, ಹಿಂದೆ ಮನೆ. ಕೆಳಗೆ ಕೆತ್ತನೆಯ ತೇಗದ ಕಂಬಗಳು, ಮೇಲಿನ ಕಿಟಕಿಗಳ ಎರಡೂ ಕಡೆ ಗಾರೆಯಲ್ಲಿ ಮಾಡಿದ ಗಿಳಿಗಳು. ಗಿಳಿಗಳ ನಡುವೆ ನೀಲಿ ಬಣ್ಣದಲ್ಲಿ, ಕೆಂಪು ನೆರಳು ಕೊಟ್ಟು, ನಾಲ್ಕು ದಿನ ಕೂತು ಬರೆದ. ಸಾಹುಕಾರರು ಮೆಚ್ಚಿ ಒಂದು ಧೋತರ ಕೊಟ್ಟರು.

ಒಂಬತ್ತು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕಳಕೇಶ ಸುಮ್ಮನೆ ತಲೆ ಎತ್ತಿ ತನ್ನ ಬರಹ ಓದಿದ. 'ಇಲ್ಲಿ ಮದುವೆ ಬೆಟ್ಟಗಳು ದೊರೆಯುತ್ತವೆ.'

'ಬಟ್ಟೆ'ಯ ಎತ್ವ ಒಂದಕ್ಷರ ಮುಂಚೆಯೇ ಕೂತುಬಿಟ್ಟಿತ್ತು. ಒಂಬತ್ತು ವರ್ಷ ಊರಿಗೆ ಊರೇ ಆ ಅಕ್ಷರಗಳ ಕೆಳಗೆ ಓಡಾಡಿತ್ತು. ಆದರೆ ಅಂಗಡಿ ಯಾವುದೆಂದು ಗೊತ್ತಿದ್ದವರು ಬೋರ್ಡು ಓದುವುದಿಲ್ಲ. ಈಗ ಏಣಿ ಹಾಕಿ ತಿದ್ದಲು ಹೋದರೆ ಎಲ್ಲರೂ ಓದುತ್ತಾರೆ. ಖಾನಾವಳಿಯವನಂತೂ ಅಂಗಡಿಗೆ ಬೀಗ ಹಾಕಿಕೊಂಡು ಓದಲು ಬರುತ್ತಾನೆ.

ಮರುದಿನ ಅವನು ಸಾಹುಕಾರರ ಮುಂದೆ ಕೈಕಟ್ಟಿ ನಿಂತ. "ಸಾವ್ಕಾರ್ರ, ಈಗ ಎಲ್ಲಾ ಕಡೆ ತಗಡಿನ ಶೀಟ್ ಹೊಡಸಾಕತ್ತಾರ. ಬೆಳ್ಳಿಗತೆ ಹೊಳಿತೈತಿ. ನಿಮ್ಮ ಗಿಳಿ ನೋಡಿದ್ರ ಅಂಗಡಿ ಮುದುಕ ಆದಂಗ ಕಾಣತೈತಿ."

ಈಶಪ್ಪನವರು ಒಪ್ಪಿದರು. ಗಿಳಿ, ಕಿಟಕಿ, ಬೆಟ್ಟ ಎಲ್ಲವೂ ಅಲ್ಯೂಮಿನಿಯಂ ಶೀಟಿನ ಹಿಂದೆ ಹೋದವು. ಕಳಕೇಶ ನಿರಾಳವಾಗಿ ಉಸಿರುಬಿಟ್ಟ. ಆದರೆ ಹೊಳಪು ನೋಡಿದ ಪಕ್ಕದ ಕಿರಾಣಿಯವರು ತಮಗೂ ಬೇಕೆಂದರು. ಆಮೇಲೆ ಬಳೆ ಅಂಗಡಿ, ಆಮೇಲೆ ಪಾತ್ರೆ ಅಂಗಡಿ. ಎರಡೇ ವರ್ಷದಲ್ಲಿ ಇಡೀ ಬಜಾರು ತಗಡಿನ ಡಬ್ಬಿಯಂತಾಯಿತು. ಫ್ಲೆಕ್ಸು ಬಂದು ಕುಂಚದ ಕೆಲಸ ಸತ್ತಿತ್ತು. ಪೇಂಟರ್ ಕಳಕೇಶ ಶೀಟ್ ಕಳಕೇಶನಾದ.

ಹೋದ ವರ್ಷ ಹಳೇ ಬಜಾರನ್ನು ಮೊದಲಿನ ರೂಪಕ್ಕೆ ತರುವ ಯೋಜನೆಯೊಂದು ಬಂತು. ಅದನ್ನು ಹೊತ್ತು ಬಂದವಳು ಕೊಪ್ಪಳದ ಐಶ್ವರ್ಯ, ಹಳೇ ಕಟ್ಟಡಗಳ ದುರಸ್ತಿ ಕಲಿತ ಆರ್ಕಿಟೆಕ್ಟ್. ಶೀಟು ಬಿಚ್ಚುವ ಕೆಲಸ ಕಳಕೇಶನಿಗೇ ಬಂತು, ಏಕೆಂದರೆ ಸ್ಕ್ರೂ ಎಲ್ಲಿದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಹದಿನೆಂಟು ಅಂಗಡಿ ಬಿಚ್ಚಿದ. ಈಶಪ್ಪನವರ ಅಂಗಡಿಯ ಸರದಿ ಬಂದಾಗಲೆಲ್ಲ ಅವನಿಗೆ ಸೊಂಟ ಹಿಡಿಯುತ್ತಿತ್ತು.

"ಅದರಾಗ ಹೆಜ್ಜೇನು ಕಟ್ಯಾವ್ರಿ ಮೇಡಂ," ಎಂದ ಒಮ್ಮೆ.

"ಒಂದು ನೊಣಾನೂ ಹಾರವಲ್ದು ಕಾಕಾ," ಎಂದಳು ಐಶ್ವರ್ಯ. ಬೇರೆ ಕೆಲಸಗಾರರನ್ನು ಹತ್ತಿಸಿದಳು.

ಶೀಟು ಕೆಳಗೆ ಬಂತು. ಧೂಳು ಇಳಿಯಿತು. ಗಿಳಿಗಳು ಕೊಕ್ಕಿನ ಸಮೇತ ಹಾಗೇ ಇದ್ದವು. ಎಪ್ಪತ್ತನಾಲ್ಕರ ಈಶಪ್ಪನವರು ಚಾಳೀಸು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು.

"ಕಳಕೇಶಾ, ಇಷ್ಟ್ ವರ್ಷ ನಾ ಬೆಟ್ಟ ಮಾರಿಕೋತ ಕುಂತಿದ್ನೇನೋ?"

ಬಜಾರಿಗೆ ಬಜಾರೇ ನಕ್ಕಿತು. ಖಾನಾವಳಿಯವನು ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟ. ಕಳಕೇಶ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಆ ಒಂದು ಎತ್ವ ಮುಚ್ಚಲೆಂದೇ ಮೊದಲ ಶೀಟು ಹೊಡೆದದ್ದು ಎಂದೂ ಹೇಳಿದ.

ಐಶ್ವರ್ಯ ಬೆರಗಾಗಿ ಬೀದಿಯ ಈ ತುದಿಯಿಂದ ಆ ತುದಿಗೆ ನೋಡಿದಳು. "ಅಂದ್ರ ಇಷ್ಟೂ ಬಜಾರ ಮುಚ್ಚಿದ್ದು ಒಂದ್ ಎತ್ವಕ್ಕಾ ಕಾಕಾ?"

"ಹೌದ್ರಿ. ಈಗ ಹತ್ತು ನಿಮಿಷ ಬಿಡ್ರಿ, ಸರಿ ಮಾಡ್ತೀನಿ."

"ಮುಟ್ಟಂಗಿಲ್ಲ. ಹೆಂಗ ಇತ್ತೋ ಹಂಗ ಉಳಿಸೋದ ನಮ್ಮ ಕೆಲಸ."

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಮೂಡಣ ಬೆಳ್ಳಗಾಗುವ ಹೊತ್ತಿಗೆ ನೀಲಿ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ. ಆರನೇ ಮೆಟ್ಟಿಲಲ್ಲಿದ್ದಾಗ ಕೆಳಗೆ ಬಾಗಿಲು ತೆರೆಯಿತು. ಅಂಗಳಕ್ಕೆ ನೀರು ಹಾಕಲು ಬಂದ ಸಾಹುಕಾರರ ಹೆಂಡತಿ ಶೇಖರಮ್ಮ ಕೊಡ ಸೊಂಟಕ್ಕಿಟ್ಟು ಮೇಲೆ ನೋಡಿದರು.

"ಕಳಕೇಶ, ಇಷ್ಟ್ ಲಗೂನ ಎದ್ದು ಯಾವ ಬೆಟ್ಟ ಹತ್ತಾಕತ್ತಿ?"

ಕಳಕೇಶ ಸಿಟ್ಟಾಗಬೇಕೆಂದುಕೊಂಡ. ಬದಲಿಗೆ ಹೊಟ್ಟೆಯಿಂದ ನಗು ಬಂತು. ಏಣಿ ಅಲ್ಲಾಡುವಷ್ಟು ನಕ್ಕ. ಶೇಖರಮ್ಮ ಕೊಡ ಇಳಿಸಿ ಏಣಿ ಹಿಡಿದುಕೊಳ್ಳಬೇಕಾಯಿತು. ಅವನನ್ನು ಒಳಗೆ ಕರೆದು ಚಹಾ ಕೊಟ್ಟರು. ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

ಈಗ ಕುಷ್ಟಗಿ, ಕುಕನೂರಿನಿಂದ ಜವಳಿ ತೆಗೆಯಲು ಬಂದವರು ಮೊದಲು ಬೆಟ್ಟದ ಕೆಳಗೆ ಮದುಮಕ್ಕಳನ್ನು ನಿಲ್ಲಿಸಿ ಫೋಟೊ ಹೊಡೆದುಕೊಳ್ಳುತ್ತಾರೆ. ಈಶಪ್ಪನವರು, "ಸಣ್ಣ ಬೆಟ್ಟ ತೋರಸ್ಲೋ, ದೊಡ್ಡದೋ?" ಎಂದು ಸೀರೆ ಬಿಚ್ಚುತ್ತಾರೆ. ಫ್ಲೆಕ್ಸುಗಳೂ ಇಳಿದಿರುವುದರಿಂದ ಉಳಿದ ಅಂಗಡಿಗಳಿಗೆ ಕೈಬರಹದ ಬೋರ್ಡು ಬೇಕಾಗಿದೆ. ಅವನ್ನು ಬರೆಯಬಲ್ಲವನು ಊರಲ್ಲಿ ಒಬ್ಬನೇ.

ಮೊದಲು ಕರೆದವಳು ಬಳೆ ಅಂಗಡಿಯ ತಾಹೇರ. "ಅಣ್ಣಾ, ನಮ್ಮದಕ್ಕೂ ಒಂದ್ ಛಲೋ ತಪ್ಪು ಹಾಕ್ರಿ. ಮಂದಿ ಬರ್ತಾರ."

"ತಪ್ಪು ಬೇಕಂತ ಹಾಕಾಕ ಬರಂಗಿಲ್ಲವಾ," ಎಂದ ಕಳಕೇಶ. ಕುಂಚ ಹಿಡಿಯದೆ ಎಷ್ಟೋ ವರ್ಷವಾಗಿತ್ತು. ಮೊದಲು ಸೀಮೆಸುಣ್ಣದಲ್ಲಿ ಬರೆದು, ಕೆಳಗಿಳಿದು ಓದಿ, ಪಕ್ಕದ ಅಂಗಡಿಯವರಿಂದಲೂ ಓದಿಸಿ, ಆಮೇಲೆ ಬಣ್ಣ ತುಂಬಿದ. ಮೂರು ದಿನ ಹಿಡಿಯಿತು.

ತಾಹೇರ ರಸ್ತೆಯ ಆಚೆ ಬದಿಗೆ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳು ಮಾಡಿ ಓದಿದಳು. ಅವಳ ಮುಖ ಸಪ್ಪಗಾಯಿತು.

"ಎಲ್ಲಾ ಬರೋಬ್ಬರಿ ಐತಲ್ಲ!"

"ಐತಿ," ಎಂದ ಕಳಕೇಶ. ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಏಣಿ ಹೊತ್ತು ಪಾತ್ರೆ ಅಂಗಡಿಯ ಕಡೆ ನಡೆದ.