ಸಾರಿಸಿದ ನೆಲ, ಸರಿದ ನಕ್ಷತ್ರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದಕ್ಷಿಣ ಆಫ್ರಿಕಾದ ಕರೂ ಬಯಲಿನ ಕ್ವೇಪರ್‌ಫಾಂಟೇನ್ ಎಂಬ ಕುರಿ ಸಾಕುವ ಜಮೀನಿನ ಹಿತ್ತಲಲ್ಲಿ ಟ್ರೀನಾ ಬೋಯ್ಸನ್ ಟೆಲಿಸ್ಕೋಪಿನ ಮೇಲೆ ಕೂತ ಇಬ್ಬನಿಯನ್ನು ಹಳೆಯ ಬಟ್ಟೆಯಿಂದ ತೆಗೆಯುತ್ತಿದ್ದಾಳೆ. ಉಜ್ಜುವುದಿಲ್ಲ, ಮೆಲ್ಲಗೆ ಒತ್ತುತ್ತಾಳೆ. ಕೈ ಇಲ್ಲಿದೆ, ಕಣ್ಣು ಮಾತ್ರ ಮೋಟುಗೋಡೆಯಾಚೆಗೆ. ಅಲ್ಲಿ ಇನ್ನೊಂದು ಟೆಲಿಸ್ಕೋಪಿದೆ, ಹೊಸದು, ಬಿಳಿಯದು. ಅದರ ಪಕ್ಕದಲ್ಲಿ ಅತಿಥಿಗಳ ಜೊತೆ ನಗುತ್ತಾ ನಿಂತವಳು ಡೆಲ್‌ಫೀನ್, ಟ್ರೀನಾಳ ಓರಗಿತ್ತಿ.

"ಬೆಳಗಾಗೆದ್ದು ಅಷ್ಟು ನಗೋದು ಏನಿರ್ತದೆ ಅಂತ ನನಗಂತೂ ಗೊತ್ತಿಲ್ಲಪ್ಪ" ಎನ್ನುತ್ತಾಳೆ ಟ್ರೀನಾ, ಬಟ್ಟೆ ಹಿಂಡುತ್ತಾ.

ಅಣ್ಣತಮ್ಮಂದಿರನ್ನು ಮದುವೆಯಾದ ಈ ಇಬ್ಬರೂ ಒಂದೇ ವರ್ಷ ಇಲ್ಲಿಯ ಅಡುಗೆಮನೆಗೆ ಕೆಲಸಕ್ಕೆ ಸೇರಿದವರು. ಜಮೀನಿನ ಯಜಮಾನ ಹೆಂಡ್ರಿಕ್ ಕುರಿಗಳ ಜೊತೆಗೆ ಆಕಾಶವನ್ನೂ ನಂಬಿಕೊಂಡ ಮನುಷ್ಯ. ಪಟ್ಟಣಗಳಿಂದ ಕ್ಯಾಮೆರಾ ಹೊತ್ತು ಬರುವ ಹವ್ಯಾಸಿಗಳಿಗೆ ಊಟ, ಹಾಸಿಗೆ, ಕತ್ತಲು ಮೂರನ್ನೂ ಒದಗಿಸುತ್ತಾನೆ. ಹಳೆಯ ಟೆಲಿಸ್ಕೋಪನ್ನು ನಿಲ್ಲಿಸಲು ಮೊದಲು ಕಲಿತವಳು ಟ್ರೀನಾ. ಆದರೆ ಹೊಸದು ಬಂದಾಗ ಅದು ಡೆಲ್‌ಫೀನ್ ಪಾಲಾಯಿತು. "ನಿನಗೆ ಹಳೇದೇ ಒಗ್ಗಿದೆ ಅಂದ್ರು ಯಜಮಾನರು" ಎನ್ನುತ್ತಾಳೆ. "ಹಳೇ ಸೀರೆ ಉಟ್ಟವಳಿಗೆ ಹೊಸದು ಬೇಡವಾ?" ಎಂದು ಟ್ರೀನಾ ಕೇಳುವುದಿಲ್ಲ, ಅವಳ ಊರಲ್ಲಿ ಸೀರೆಯಿಲ್ಲ. "ಹಳೇ ಬೂಟು ಹಾಕ್ಕೊಂಡಿರೋಳಿಗೆ ಹೊಸ ಬೂಟು ಬೇಡವಾ?" ಎಂದು ಕೇಳುತ್ತಾಳೆ. ಸಂಕಟ ಅದೇ.

ಎರಡರ ವ್ಯತ್ಯಾಸ ಇರುವುದು ಟೆಲಿಸ್ಕೋಪು ಕೂರುವ ಪೀಠದಲ್ಲಿ. ಡೆಲ್‌ಫೀನಳದು ಆಕಾಶದ ಜೊತೆಗೇ ಓರೆಯಾಗಿ ಸುತ್ತುತ್ತದೆ. ಟ್ರೀನಾಳದು ಆಲ್ಟ್-ಅಜಿಮತ್ ಪೀಠ: ಮೇಲಕ್ಕೆ ಕೆಳಕ್ಕೆ, ಎಡಕ್ಕೆ ಬಲಕ್ಕೆ, ಅಷ್ಟೇ. ನಕ್ಷತ್ರದ ಬೆನ್ನು ಬಿಡುವುದಿಲ್ಲ, ಆದರೆ ಹೊತ್ತು ಕಳೆದಂತೆ ಚಿತ್ರವೇ ಮೆಲ್ಲಗೆ ತಿರುಗಿಬಿಡುತ್ತದೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅತಿಥಿಗಳು ಸಪ್ಪೆ ಮುಖದಲ್ಲಿ ಕ್ಯಾಮೆರಾ ತಂದು ತೋರಿಸುತ್ತಾರೆ. ಟ್ರೀನಾ ಮೊದಲು ನೋಡುವುದು ಮೂಲೆಗಳನ್ನು.

"ನಡುವೆ ಚುಕ್ಕಿ ಸರಿಯಾಗಿದ್ದು ಅಂಚಿನಲ್ಲಿ ಬಳೆಚೂರಿನ ಹಾಗೆ ಬಾಗಿದ್ರೆ, ಅದು ಚಿತ್ರ ತಿರುಗಿದ್ದು. ನೆತ್ತಿ ಮೇಲಿನದನ್ನ ಹಿಡಿಯೋಕೆ ಹೋಗಬೇಡಿ ಅಂತೀನಿ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿ. ಒಂದೇ ಸಲ ಉದ್ದಕ್ಕೆ ತೆಗೀಬೇಡಿ, ಚೂರು ಚೂರು ತೆಗೆದು ಆಮೇಲೆ ಕಂಪ್ಯೂಟರಲ್ಲಿ ಒಂದರ ಮೇಲೊಂದು ಕೂರಿಸಿ. ಚುಕ್ಕಿ ಜೋಡಿಯಾಗಿ ಕಂಡ್ರೆ ಯಾರೋ ಕಾಲು ತಾಗಿಸಿದ್ದಾರೆ ಅಂತ. ಯಾರು ಅಂತ ಕೇಳೋದಿಲ್ಲ. ಗಂಡ ಹೆಂಡತಿ ಬಂದಿದ್ರೆ ಅವರೇ ಜಗಳ ಶುರು ಮಾಡ್ಕೋತಾರೆ."

ಇಷ್ಟೆಲ್ಲ ಮಾಡಿ ಚಿತ್ರ ಚೆನ್ನಾಗಿ ಬಂದರೂ ಊಟದ ಮನೆಯ ಗೋಡೆ ಏರುವುದು ಡೆಲ್‌ಫೀನ್ ಕಡೆಯ ಚಿತ್ರಗಳೇ. ತಟ್ಟೆಯಿಂದ ತಲೆ ಎತ್ತಿದರೆ ಅವೇ ಕಣ್ಣಿಗೆ ಬೀಳುತ್ತವೆ ಎಂದು ಟ್ರೀನಾ ಬಹಳ ಕಾಲದಿಂದ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳೆ.

ಹೋದ ತಿಂಗಳು ಹಳೆಯ ಟೆಲಿಸ್ಕೋಪು ಇನ್ನೇನು ಮೂಲೆ ಸೇರುವುದರಲ್ಲಿತ್ತು. ನಿವೃತ್ತ ನರ್ಸ್ ಮೇವಿಸ್ ಅಡೋನಿಸ್ ಪ್ರತಿ ವರ್ಷ ಬಂದು ಅದನ್ನೇ ಕೇಳುವವರು. ಈ ಸಲ ಮೊದಲ ಮುಂಜಾನೆಯೇ ಕ್ಯಾಮೆರಾ ಮುಂದೆ ಹಿಡಿದರು. ಸಂಜೆಯ ಚಿತ್ರಗಳಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಇದೆ. ಆಮೇಲಿನವುಗಳಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಗೀರು. ನಡುವೆ ಇದ್ದದ್ದು ಅಂಚಿಗೆ ಸರಿದಿದೆ. ಬಾಗಿದ ಗೀರಲ್ಲ, ನೇರ ಗೀರು. ಅಂದರೆ ಚಿತ್ರ ತಿರುಗಿದ್ದಲ್ಲ.

ಟ್ರೀನಾ ತಿರುಪುಗಳನ್ನು ಬಿಗಿ ಮಾಡಿದಳು. ಬ್ಯಾಟರಿ ಬದಲಿಸಿದಳು. ಗಾಳಿಗೆ ಕಂಬಳಿ ಅಡ್ಡ ಕಟ್ಟಿದಳು. ಟೆಲಿಸ್ಕೋಪಿಗೆ ದಿಕ್ಕು ಕಲಿಸಲು ದೂರದೂರದ ಎರಡು ನಕ್ಷತ್ರಗಳನ್ನು ಮತ್ತೆ ಮತ್ತೆ ಹಿಡಿದುಕೊಟ್ಟಳು. ಪೀಠ ಸಮವಾಗಿದೆಯೇ ಎಂದು ತೋರಿಸುವ ರಸಮಟ್ಟದ ಗುಳ್ಳೆ ಸಂಜೆ ನಟ್ಟನಡುವೆ ನಿಲ್ಲುತ್ತಿತ್ತು. ಮಾರನೆಯ ಬೆಳಿಗ್ಗೆಯೂ ಗೀರು. ಅದರ ಮಾರನೆಯ ಬೆಳಿಗ್ಗೆಯೂ.

ಕಾಫಿ ಕುಡಿಯುತ್ತಾ ಹೆಂಡ್ರಿಕ್ ಅಂದ: "ವಯಸ್ಸಾಯ್ತು ಅದಕ್ಕೆ. ನಾಳೆಯೂ ಹೀಗೇ ಆದ್ರೆ ಎತ್ತಿ ಕೊಟ್ಟಿಗೆಗೆ ಹಾಕೋಣ. ಟ್ರೀನಾ, ಅಡುಗೆಮನೆಗೂ ಒಂದು ಕೈ ಬೇಕಾಗಿದೆ."

"ಅವತ್ತು ನನಗೆ ಯಜಮಾನರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದು ಡೆಲ್‌ಫೀನ್ ಮೇಲೆ. ಅವಳು ಸುಮ್ಮನೆ ರೊಟ್ಟಿಗೆ ಜಾಮ್ ಹಚ್ಕೋತಾ ಇದ್ಲು. ನಾನು ಅಡುಗೆಮನೆಗೆ ಹೋದ್ರೆ ಅವಳ ತಟ್ಟೆ ತೊಳೆಯೋಳು ನಾನೇ ತಾನೆ?"

ಕಾರಣ ಕಂಡುಹಿಡಿದವಳು ಆ ಡೆಲ್‌ಫೀನೇ. ಕಾಫಿ ಮುಗಿಸಿ ಗೋಡೆ ದಾಟಿ ಬಂದವಳು ಟೆಲಿಸ್ಕೋಪನ್ನು ನೋಡಲೇ ಇಲ್ಲ. ನೆಲ ನೋಡಿದಳು. ಬೆರಳಲ್ಲಿ ಒತ್ತಿದಳು. ಬೆರಳು ಒಳಗಿಳಿಯಿತು.

"ಅಕ್ಕಾ, ಇದನ್ನ ಯಾವಾಗ ಸಾರಿಸಿದೆ?"

"ನಿನ್ನೆ ಬೆಳಿಗ್ಗೆ."

"ಮೊನ್ನೆ?"

"ಮೊನ್ನೆನೂ."

"ಯಾರಾದ್ರೂ ಹೆಣ್ಣು ನೋಡೋಕೆ ಬರ್ತಿದ್ರಾ ಇಲ್ಲಿಗೆ?"

ಸಿಮೆಂಟು ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿ ಉಗುಳುತ್ತದೆ, ನಕ್ಷತ್ರ ನಡುಗುತ್ತದೆ. ಅದಕ್ಕೇ ಇಲ್ಲಿ ಟೆಲಿಸ್ಕೋಪುಗಳಿಗೆ ಅಜ್ಜಿಯರ ಕಾಲದ ಸಗಣಿ ನೆಲ. ಮೇವಿಸ್ ಬಂದ ದಿನವೇ, ಡೆಲ್‌ಫೀನ್ ಎದುರಿಗೇ, "ನಿನ್ನ ನೆಲ ಎಷ್ಟು ನುಣ್ಣಗಿದೆ ಟ್ರೀನಾ" ಎಂದುಬಿಟ್ಟಿದ್ದರು. ಅಪರೂಪಕ್ಕೆ ಸಿಕ್ಕ ಮೆಚ್ಚುಗೆ. ಅದನ್ನು ಆರಲು ಬಿಡಬಾರದೆಂದು ಟ್ರೀನಾ ಅಂದಿನಿಂದಲೇ ದಿನವೂ ಮಣ್ಣು ಬೆರೆಸಿ ದಪ್ಪಗೆ ಸಾರಿಸಿದಳು. ಗೋಡೆಯ ನೆರಳಿಗೆ ನೆಲವೂ ಆರಲಿಲ್ಲ. ರಾತ್ರಿಯಿಡೀ ಟೆಲಿಸ್ಕೋಪನ್ನು ಹೊತ್ತ ಮುಕ್ಕಾಲಿಯ ಕಾಲುಗಳು ಒಂದೊಂದು ಒಂದೊಂದಷ್ಟು ಕುಸಿದವು. ಸಂಜೆ ಕಲಿಸಿದ ದಿಕ್ಕನ್ನು ಟೆಲಿಸ್ಕೋಪು ತಪ್ಪಿಸಿಕೊಂಡಿತು. ಬೆಳಿಗ್ಗೆ ಟ್ರೀನಾಳೇ ಮುಕ್ಕಾಲಿಯನ್ನು ಎತ್ತಿಟ್ಟು ಆ ಗುಳಿಗಳ ಮೇಲೆ ಮತ್ತೆ ಸಾರಿಸಿದಳು. ಗುರುತೂ ಉಳಿಯಲಿಲ್ಲ.

ಇಬ್ಬರೂ ಸೇರಿ ಹಸಿ ಪದರವನ್ನು ಕೆರೆದು ತೆಗೆದರು. ಡೆಲ್‌ಫೀನ್ ಒಲೆಯ ಬಳಿಯಿಂದ ಮೂರು ಚಪ್ಪಡಿ ಕಲ್ಲು ತಂದು ಕಾಲುಗಳ ಕೆಳಗಿಟ್ಟಳು. ಕೈ ತೊಳೆಯುತ್ತಾ, "ನೀನಾದ್ರೂ ಎರಡು ನಕ್ಷತ್ರ ತೋರಿಸಿ ಕಾಫಿ ಕುಡಿಯೋಕೆ ಹೋಗ್ತೀಯ. ನಾನು ಪೀಠ ಅದರ ಕಡೆಗೆ ತಿರುಗಿಸೋಕೆ ದಕ್ಷಿಣದಲ್ಲಿ ಧ್ರುವ ಎಲ್ಲಿದೆ ಅಂತ ಅರ್ಧ ಸಂಜೆ ಹುಡುಕ್ತೀನಿ, ಅಲ್ಲಿ ಹೇಳಿಕೊಳ್ಳೋಕೆ ಒಂದು ನಕ್ಷತ್ರವೂ ಇಲ್ಲ" ಎಂದಳು.

"ಹಾಗಾದ್ರೆ ಬದಲಾಯಿಸಿಕೊಳ್ಳೋಣ್ವಾ?"

ಡೆಲ್‌ಫೀನ್ ನಕ್ಕಳು. ಬದಲಾಯಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಮೇವಿಸರ ಕ್ಯಾಮೆರಾದಲ್ಲಿ ನಕ್ಷತ್ರಗಳ ದೊಡ್ಡದೊಂದು ಗುಚ್ಛವಿತ್ತು, ಕರಿ ಬಟ್ಟೆಯ ಮೇಲೆ ಸಕ್ಕರೆ ಚೆಲ್ಲಿದಂತೆ, ಮೂಲೆಯ ಕಾಳೂ ದುಂಡಗೆ. ಹೆಂಡ್ರಿಕ್ ಅದನ್ನು ಬಹಳ ಹೊತ್ತು ನೋಡಿ, ಕೊಟ್ಟಿಗೆಯ ಮಾತೆತ್ತದೆ, ಚೌಕಟ್ಟು ಹಾಕಿಸಲು ಹೇಳಿದ.

ಈಗ ಸೂರ್ಯ ಮೇಲೆ ಬಂದಿದ್ದಾನೆ. ಟ್ರೀನಾ ಟೆಲಿಸ್ಕೋಪಿಗೆ ಮುಸುಕು ಹಾಕಿ, ಬಗ್ಗಿ, ಕಲ್ಲುಗಳನ್ನು ಅಂಗೈಯಿಂದ ಅಲುಗಿಸಿ ನೋಡುತ್ತಾಳೆ. ಸಹಾಯ ಮಾಡಿದವಳ ಮೇಲೆ ಹೊಟ್ಟೆಕಿಚ್ಚು ಇನ್ನೂ ಇದೆಯೇ ಎಂದರೆ ಮರೆಮಾಚುವುದಿಲ್ಲ. "ಇನ್ನೂ ಜಾಸ್ತಿ ಆಗಿದೆ. ನೆಲ ನೋಡಬೇಕು ಅಂತ ನನಗೆ ಯಾಕೆ ಹೊಳೀಲಿಲ್ಲ?"

ಚೌಕಟ್ಟು ಈ ವಾರ ಬರುತ್ತದೆ. ಅದನ್ನು ತೂಗುಹಾಕುವ ಜಾಗದಲ್ಲಿ ಅವಳು ಆಗಲೇ ಮೊಳೆ ಹೊಡೆದಿಟ್ಟಿದ್ದಾಳೆ.

"ದೊಡ್ಡದೇನೂ ಕೇಳ್ತಿಲ್ಲ ನಾನು. ಡೆಲ್‌ಫೀನ್ ಕೂತು ಊಟ ಮಾಡೋ ಜಾಗದ ಎದುರಿಗಿರಬೇಕು, ಅಷ್ಟೇ. ತುತ್ತು ಎತ್ತಿದಾಗಲೆಲ್ಲ ಕಾಣಬೇಕು."